ಮನೆ ಸಾಲಿನ ಬದನೆಕಾಯಿ

ಅಮರನಾಥ ಹಾಸನದ ತರಕಾರಿ ಮಂಡಿಗೆ ಬದನೆಕಾಯಿ ಹಾಕಿ ಊರಿಗೆ ವಾಪಸು ಬಂದಾಗ ಹತ್ತೂವರೆ ದಾಟಿತ್ತು. ಬೈಕು ನಿಲ್ಲಿಸುವ ಮೊದಲೇ ಹುಚ್ಚೆಳ್ಳು ಹುರಿದ ವಾಸನೆ ಮೂಗಿಗೆ ಬಡಿಯಿತು. ಬೆಳಗಿನ ಜಾವದಿಂದ ಒಂದು ಲೋಟ ಟೀ ಬಿಟ್ಟು ಏನೂ ಕಾಣದ ಹೊಟ್ಟೆ ಚುರ್ ಅಂದಿತು. ಅವ್ವ ಹುಚ್ಚೆಳ್ಳು ಹುರಿದಳು ಅಂದರೆ ಎಣ್ಣೆಗಾಯಿ, ಜೊತೆಗೆ ಅಕ್ಕಿ ರೊಟ್ಟಿ. ಅಕ್ಕ ಕೇಳಿರಬೇಕು ಅಂದುಕೊಂಡ. ಅಕ್ಕ ಬಂದಾಗಿನಿಂದ ಮನೆಯಲ್ಲಿ ಅವಳು ಕೇಳಿದ್ದೇ ಅಡಿಗೆ.

ಅಕ್ಕ ರೂಪಶ್ರೀಗೆ ಏಳು ತಿಂಗಳು ತುಂಬಿತ್ತು. ಇದು ಮೂರನೆಯದು. ಮೊದಲಿನ ಎರಡೂ ನಾಲ್ಕೈದು ತಿಂಗಳಿಗೇ ಹೋಗಿದ್ದವು. ಹಾಗಾಗಿ ಈ ಸಲ ನುಗ್ಗೇಹಳ್ಳಿ ಕಡೆಯ ಅವಳ ಅತ್ತೆ ಶಿವಗಂಗಮ್ಮ ಸೊಸೆಯನ್ನು ತವರಿಗೆ ಕಳಿಸುವ ಮನಸ್ಸೇ ಮಾಡಿರಲಿಲ್ಲ. ಕೊನೆಗೆ ತಾವೇ ಜೊತೆಯಲ್ಲಿ ಬಂದು ಎರಡು ದಿನದಿಂದ ಇಲ್ಲೇ ನಿಂತಿದ್ದರು. ಬೀಗರ ಮನೆಯ ನೀರು, ಹಾಸಿಗೆ, ಬಾಗಿಲ ಹೊಸಿಲು ಎಲ್ಲವನ್ನೂ ಕಣ್ಣಲ್ಲೇ ಅಳೆದು ನೋಡುತ್ತಿದ್ದರು. ಅವರ ಮುಂದೆ ಅಮರನ ಅವ್ವ ಪುಟ್ಟತಾಯಮ್ಮ ಕೆಮ್ಮುವುದಕ್ಕೂ ಯೋಚನೆ ಮಾಡುತ್ತಿದ್ದಳು.

ಹಿತ್ತಲಿಗೆ ಹೋದರೆ ಸೌದೆ ಒಲೆಯ ಮೇಲೆ ದೊಡ್ಡ ಬಾಣಲೆ ಇತ್ತು. ಅವ್ವ ಮೊಣಕಾಲೂರಿ ಕೂತು ಕಾಯಿ ಒಂದೊಂದನ್ನೇ ತೊಟ್ಟು ಹಿಡಿದು ಮಗ್ಗುಲು ಮಗುಚುತ್ತಿದ್ದಳು. ನಾಲ್ಕು ಸೀಳು ಸೀಳಿದ, ಮಸಾಲೆ ತುಂಬಿ ಹೊಟ್ಟೆ ಉಬ್ಬಿದ ಗುಂಡು ಬದನೆಕಾಯಿಗಳು. ಎಣ್ಣೆ ಚುಯ್‌ಗುಡುತ್ತಿತ್ತು. ಹುಣಸೆಹಣ್ಣು, ಬೆಲ್ಲ, ಕೊಬ್ಬರಿ ಎಲ್ಲ ಒಂದಾಗಿ ಬಾಣಲೆಯ ಅಂಚಿಗೆ ಕಪ್ಪಗೆ ಹತ್ತಿಕೊಳ್ಳುತ್ತಿತ್ತು. ಪಕ್ಕದ ಬೇಸಿನ್ನಿನಲ್ಲಿ ಉಪ್ಪುನೀರಿನಲ್ಲಿ ಇನ್ನೂ ಹತ್ತು ಹನ್ನೆರಡು ಕಾಯಿ ತೇಲುತ್ತಿದ್ದವು. ಆ ನೀರಿನ ಮೇಲೆ ತೆಳ್ಳಗೆ ಎಣ್ಣೆಯಂಥ ಪೊರೆ. ಅಂಚಿನಲ್ಲಿ ನಾಲ್ಕೈದು ಇರುವೆ ಸತ್ತು ಅಂಟಿದ್ದವು.

ಅಮರ ಆ ಇರುವೆಗಳನ್ನು ನೋಡಿದ.

"ಎಲ್ಲವ್ವ ಕಿತ್ತೆ ಕಾಯ್ನ?"

"ಎಲ್ಲಿ ಕೀಳ್ತಾರ್ಲಾ, ಮನೆ ಸಾಲಲ್ಲಿ. ನಿನ್ ಮಾರ್ಕೆಟ್ ಕಾಯ್ ಯಾರ್ ತಿಂತಾರೆ."

ಅವನ ಬೆನ್ನ ಮೇಲೆ ಯಾರೋ ತಣ್ಣೀರು ಹೊಯ್ದ ಹಾಗಾಯಿತು.

ಮನೆ ಸಾಲು ಅಂದರೆ ಇಷ್ಟೇ. ಸಾಲಗಾಮೆ ಸುತ್ತಮುತ್ತ ಬದನೆ, ಟೊಮೇಟೊ, ಹೂಕೋಸು ಬೆಳೆಯುವವರೆಲ್ಲ ಹೊಲದಲ್ಲಿ ಬೇಲಿಯ ಕಡೆಗೆ ಒಂದು ಸಾಲು ಬಿಟ್ಟುಕೊಳ್ಳುತ್ತಾರೆ. ಅದಕ್ಕೆ ಔಷಧಿ ಹೊಡೆಯುವುದಿಲ್ಲ. ಹುಳ ಬಿದ್ದರೆ ಬೀಳಲಿ, ಕೊಯ್ದು ಬಿಸಾಕಿದರಾಯಿತು. ಮನೆಯವರು ತಿನ್ನುವುದು ಆ ಸಾಲಿನದು. ಉಳಿದ ಸಾಲುಗಳದ್ದು ಊರವರಿಗೆ, ಪೇಟೆಯವರಿಗೆ, ಹಾಸ್ಟೆಲಿನ ಮಕ್ಕಳಿಗೆ, ಮದುವೆ ಮನೆಗಳಿಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಯಾರೂ ಇದರ ಬಗ್ಗೆ ಮಾತಾಡುವುದೂ ಇಲ್ಲ. ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ, ಎಲ್ಲರೂ ರಾತ್ರಿ ನಿದ್ದೆ ಮಾಡುತ್ತಾರೆ.

ನಿನ್ನೆ ಸಾಯಂಕಾಲ ಅಮರ ಅರ್ಧ ಎಕರೆ ಬದನೆಗೂ ಔಷಧಿ ಹೊಡೆದಿದ್ದ. ಕಾಯಿಕೊರಕ ಹುಳ ಬಗ್ಗುತ್ತಿರಲಿಲ್ಲ. ಔಷಧಿ ಅಂಗಡಿಯವನಿಗೆ ಹುಳ ಗೊತ್ತಿಲ್ಲ, ಬಾಟಲಿ ಮಾತ್ರ ಗೊತ್ತು. "ಟ್ಯಾಂಕಿಗೆ ಎರಡ್ ಮುಚ್ಚಳ ಹಾಕು, ಬಗ್ಗಲಿಲ್ವಾ, ಮೂರ್ ಹಾಕು" ಅಂದಿದ್ದ. ಬಾಟಲಿಯ ಮೇಲೆ ಬರೆದಿರುವುದು ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅದನ್ನು ಭೂತಗನ್ನಡಿ ಹಿಡಿದು ಓದಿ, ಅರ್ಥ ಮಾಡಿಕೊಂಡು, ಕೈಗೆ ಗ್ಲೌಸು ಹಾಕಿಕೊಂಡು ಹೊಡೆಯಬೇಕಂತೆ. ಬರೆದವನು ಯಾವತ್ತಾದರೂ ಬೆನ್ನಿಗೆ ಟ್ಯಾಂಕು ಏರಿಸಿಕೊಂಡು ಬದನೆ ಸಾಲಿನಲ್ಲಿ ನಡೆದಿದ್ದಾನಾ? ಅಮರ ಮೂರು ಮುಚ್ಚಳ ಹಾಕಿದ್ದ.

ಎಲ್ಲ ಸಾಲು ಮುಗಿದ ಮೇಲೂ ಟ್ಯಾಂಕಿನ ತಳದಲ್ಲಿ ಒಂದಷ್ಟು ಉಳಿದಿತ್ತು. ಮನೆ ಸಾಲಿನಲ್ಲಿ ಅರ್ಧಕ್ಕರ್ಧ ಕಾಯಿ ತೂತು ಬಿದ್ದಿದ್ದವು. ಸುಮ್ಮನೆ ಚೆಲ್ಲುವುದೇಕೆ ಅನ್ನಿಸಿತು. ಉಳಿದದ್ದನ್ನೆಲ್ಲ ಆ ಸಾಲಿಗೆ ಹೊಡೆದು ಬಂದ. ಒಂದು ವಾರ ಆ ಕಾಯಿ ಮುಟ್ಟಬೇಡ ಅಂತ ಅವ್ವನಿಗೆ ಹೇಳಬೇಕು ಅಂದುಕೊಂಡೇ ಮನೆಗೆ ಬಂದಿದ್ದ. ಜಗಲಿಯಲ್ಲಿ ಶಿವಗಂಗಮ್ಮ ಕೂತಿದ್ದರು. ಅವರ ಮುಂದೆ ಔಷಧಿ, ಗಿವುಷಧಿ ಅಂತ ಮಾತು ಬೇಡ, ಆಮೇಲೆ ಹೇಳೋಣ ಅಂತ ಕೈಕಾಲು ತೊಳೆಯಲು ಹೋದ. ಆ ಆಮೇಲೆ ಬರಲೇ ಇಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಕಾಯಿ ಕಿತ್ತು ಕ್ರೇಟಿಗೆ ತುಂಬುವಾಗ ಅವ್ವ ಮಲಗಿದ್ದಳು.

ಈಗಲೂ ಶಿವಗಂಗಮ್ಮ ಒಲೆಯಿಂದ ಮಾರು ದೂರದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು.

"ಏನಪ್ಪಾ ಅಮರ, ಮಂಡಿಯೋರು ನಿನ್ ಬಾಯ್ನೂ ತೂಕಕ್ಕೆ ಹಾಕ್ಕಬುಟ್ರಾ? ಬಂದಾಗ್ಲಿಂದ ಮಾತೇ ಇಲ್ಲ."

"ಇಲ್ಲ ಅತ್ತೆಮ್ಮ." ಅವನು ಅವ್ವನ ಹತ್ತಿರ ಬಗ್ಗಿದ. "ಅವ್ವ, ಒಸಿ ಒಳಕ್ ಬಾ."

"ಈಗ್ಲಾ? ಕೈ ಬಿಟ್ರೆ ತಳ ಹಿಡೀತದೆ."

"ಒಂದ್ ನಿಮಿಷ ಅವ್ವ."

"ಹೊಟ್ಟೆ ಹಸ್ದಿದ್ರೆ ರೊಟ್ಟಿ ಮುಚ್ಚಿಟ್ಟಿವ್ನಿ, ತಿನ್ನೋಗು. ದೊಡ್ಡ ಗುಟ್ಟಿರೋನಂಗೆ ಆಡ್ತಾನೆ."

"ಮದ್ವೆ ವಿಚಾರ ಇರ್ಬೇಕು ಕಣ್ ಪುಟ್ಟತಾಯಕ್ಕ," ಶಿವಗಂಗಮ್ಮ ನಕ್ಕರು. "ಇಪ್ಪತ್ನಾಕಾಯ್ತಲ್ಲ. ಹುಡ್ಗಿ ನೋಡ್ಕಂಡವ್ನೇನೋ ಕೇಳು."

ಅವ್ವನೂ ನಕ್ಕಳು. ಬೀಗಿತ್ತಿ ನಕ್ಕದ್ದೇ ಅವಳಿಗೊಂದು ಹಬ್ಬ. ಹೇಳಿದರೆ ಏನಾಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಕಳೆದುಕೊಂಡ ಬಸುರಿಗೆ ತವರಿನವರು ವಿಷದ ಕಾಯಿ ಬೇಯಿಸುತ್ತಿದ್ದರು ಅನ್ನುವ ಮಾತು ಸಾಯಂಕಾಲದೊಳಗೆ ಚನ್ನರಾಯಪಟ್ಟಣ ದಾಟುತ್ತದೆ. ಶಿವಗಂಗಮ್ಮ ಈಗಿಂದೀಗಲೇ ಸೊಸೆಯ ಕೈ ಹಿಡಿದು ಬಸ್ಸು ಹತ್ತಿಸುತ್ತಾರೆ. ಆಮೇಲೆ ಅಕ್ಕ ಈ ಹೊಸಿಲು ತುಳಿಯುವುದಿಲ್ಲ. ಹೇಳದಿದ್ದರೆ? ಅವ್ವ ಆಗಲೇ ಕಾಯಿಯ ತೊಟ್ಟು ಒತ್ತಿ ಬೆಂದಿದೆಯಾ ನೋಡುತ್ತಿದ್ದಳು.

ಹೇಳದೆಯೂ ನಿಲ್ಲಿಸುವ ದಾರಿ ಒಂದು ಅವನಿಗೆ ಹೊಳೆಯಿತು. ಅಮರ ಮುಂಗೋಪಿ ಅಂತ ಇಡೀ ಊರಿಗೆ ಗೊತ್ತು. ಹೋದ ವರ್ಷ ಮಂಡಿಯವನ ತಕ್ಕಡಿಯನ್ನೇ ಎತ್ತಿ ಚರಂಡಿಗೆ ಎಸೆದವನು.

"ಯಾರನ್ನ ಕೇಳ್ ಕಿತ್ತೆ?" ದನಿ ಏರಿಸಿದ. "ಬಿತ್ನೆಗೆ ಅಂತ ಬಿಟ್ಟಿದ್ನಲ್ಲ ಆ ಕಾಯ್ನ. ನನ್ನೊಂದ್ ಮಾತ್ ಕೇಳಕ್ಕಾಗಲ್ವಾ ಈ ಮನೇಲಿ?"

"ಯಾವ್ ಬಿತ್ನೆಲಾ, ಎಳೆಗಾಯಿ ಬಿತ್ನೆಗೆ..."

ಅಷ್ಟರಲ್ಲಿ ಅವನ ಕಾಲು ಬಾಣಲೆಗೆ ಬಡಿದಿತ್ತು. ಬಾಣಲೆ ಮಗುಚಿತು. ಕಾದ ಎಣ್ಣೆ ಬೂದಿಗೆ ಸುರಿದು ಭುಸ್ ಅಂತ ಹೊಗೆ ಎದ್ದಿತು. ಕಾಯಿಗಳು ಮಣ್ಣಿನಲ್ಲಿ ಉರುಳಿ ಹೊಟ್ಟೆ ಬಿಚ್ಚಿಕೊಂಡವು. ಅವ್ವ ಮುಂಗೈ ಹಿಡಿದುಕೊಂಡು ಹಿಂದಕ್ಕೆ ಕೂತಳು. ಬೇಸಿನ್ನನ್ನೂ ಒದ್ದು ಉರುಳಿಸಿದ.

ಒಂದು ಕಾಯಿ ಉರುಳಿ ಶಿವಗಂಗಮ್ಮನ ಮಣೆಗೆ ತಾಗಿ ನಿಂತಿತು.

"ಬಸ್ರಿ ಹೆಂಗ್ಸು ಕೇಳಿದ್ ಅಡ್ಗೆ ಒದ್ಬುಟ್ಯಾ," ಶಿವಗಂಗಮ್ಮ ಮೆಲ್ಲಗೆ ಅಂದರು. ಕೂಗಿದ್ದರೆ ಚೆನ್ನಾಗಿತ್ತು. "ಇಂಥಾ ಮನೇಗೆ ನಾನ್ ಅವಳ್ನ ತಂದ್ ಬುಟ್ಟೆ."

ಅಮರ ತಲೆ ತಗ್ಗಿಸಿ ನಿಂತ. ಕಾಲಿಗೆ ಎಣ್ಣೆ ಸಿಡಿದು ಉರಿಯುತ್ತಿತ್ತು. ಆದರೆ ಒಳಗೆ ಎಂಥದೋ ತಂಪು. ಆಯಿತು, ಮುಗಿಯಿತು. ಬೈದುಕೊಳ್ಳಲಿ, ಉಗಿಯಲಿ, ನಾಳೆ ಕಾಲು ಹಿಡಿದುಕೊಂಡರಾಯಿತು ಅಂದುಕೊಂಡ.

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಸದ್ಯ, ನನ್ ಮಗೀನ ಪಾಲು ಆಗ್ಲೇ ಆಯ್ತು. ಒದ್ಕ, ಇನ್ ಎಷ್ಟ್ ಬೇಕಾದ್ರೂ ಒದ್ಕ."

"ಏನು?"

"ಮೊದ್ಲ್ ಸಲದ್ದು ಅವಳ್ಗೇ ಕಣ್ಲಾ. ಬಯಕೆ ಊಟ ಯಾರ್ ಕಣ್ಣೂ ಬೀಳ್ದಂಗೆ ತಿನ್ಬೇಕು. ಒಳಗ್ಮನೇಲಿ ಬಾಗ್ಲು ಹಾಕ್ಕಂಡು, ನಾನೇ ಕೈಯಾರೆ ಇಕ್ದೆ. ನಾಕ್ ಕಾಯಿ ತಿಂದ್ಳು. ಎಷ್ಟ್ ದಿನ ಆದ್ಮೇಲೆ ಅಷ್ಟ್ ತಿಂದ್ಳೋ."

ಅಮರನಿಗೆ ಅವ್ವನ ಬಾಯಿ ಆಡುವುದು ಕಾಣುತ್ತಿತ್ತು, ಆಮೇಲಿನ ಮಾತು ಕಿವಿಗೆ ಹೋಗಲಿಲ್ಲ. ಅವನು ಒಲೆಯ ಹತ್ತಿರ ನಿಂತು ಹೇಳಲೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದಾಗ ಅದು ಆಗಲೇ ಅಕ್ಕನ ಹೊಟ್ಟೆಯಲ್ಲಿತ್ತು. ಅವನು ಒದ್ದು ಚೆಲ್ಲಿದ್ದು ಎಂಜಲು.

ಗಲಾಟೆ ಕೇಳಿ ರೂಪಶ್ರೀ ಹಿತ್ತಿಲ ಬಾಗಿಲಿಗೆ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಬಾಗಿಲ ಚೌಕಟ್ಟಿನ ಮೇಲೆ. "ಏನ್ಲಾ ಅದು ರಂಪ?" ಅಂದವಳು ತಿರುಗಿ ಪಕ್ಕಕ್ಕೆ ಉಗಿದಳು. ಮತ್ತೆ ಉಗಿದಳು. "ಥೂ, ಬಾಯ್ತುಂಬಾ ನೀರ್ ಬತ್ತಾ ಐತೆ ಅವ್ವ."

"ಬಸ್ರೀಗೆ ಬಾಯಲ್ಲಿ ನೀರ್ ಬರ್ದೆ ಇನ್ಯಾರ್ಗೆ ಬತ್ತದೆ," ಶಿವಗಂಗಮ್ಮ ಅಂದರು. "ಎಣ್ಣೆ ಪದಾರ್ಥ ತಿಂದಿದ್ದಿ. ಒಸಿ ಮಜ್ಜಿಗೆ ಕುಡಿ."

ಅಕ್ಕನ ಹಣೆಯ ಮೇಲೆ ಬೆವರು ಮಣಿಗಟ್ಟಿತ್ತು. ಅವಳು ಬಗ್ಗಿ ವಾಂತಿ ಮಾಡಿಕೊಂಡಳು. ಅವ್ವ ಓಡಿ ಹೋಗಿ ಹಣೆ ಹಿಡಿದಳು. ಶಿವಗಂಗಮ್ಮನ ಮುಖದಲ್ಲಿ ಗಾಬರಿಯೇನೂ ಇರಲಿಲ್ಲ. ಏಳು ತಿಂಗಳಿಗೂ ಕೆಲವರಿಗೆ ಇರುತ್ತದೆ, ತಮಗೂ ಇತ್ತು ಅಂದರು. ಅಲ್ಲಿದ್ದವರಲ್ಲಿ ಹೆದರಿದವನು ಒಬ್ಬನೇ. ಆ ಜೊಲ್ಲು ಎಂಥದು ಅಂತ ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಗಾಳಿಗೆ ಎದುರಾಗಿ ಔಷಧಿ ಹೊಡೆದು ಅವನೇ ಬದುವಿನ ಮೇಲೆ ಬಿದ್ದಿದ್ದಾಗ ಹೀಗೇ ಬಾಯಿ ತುಂಬಿ ತುಂಬಿ ಬಂದಿತ್ತು, ನುಂಗಿದಷ್ಟೂ ಬಂದಿತ್ತು. ಅವನ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು ಅಂತ ಆವತ್ತು ನೋಡಿದವರು ಹೇಳಿದ್ದರು.

ಅವನು ಅಕ್ಕನ ಗಲ್ಲ ಹಿಡಿದು ಮುಖ ಎತ್ತಿದ.

"ಏನ್ಲಾ ಮಾಡ್ತಿದ್ದೀ?"

"ಕಣ್ ಬುಡು ಅಕ್ಕ. ನೆಟ್ಗೆ ನೋಡು."

ಹಿತ್ತಿಲ ನೆರಳಿನಲ್ಲೂ ಅವಳ ಪಾಪೆ ಸೂಜಿ ಚುಚ್ಚಿದ ತೂತಿನಂತಿತ್ತು.

"ಅತ್ತೆಮ್ಮ," ಅಮರ ಅಂದ. ಅವನ ದನಿ ಅವನದಲ್ಲದಂತೆ ಕೇಳಿಸಿತು. "ಆ ಕಾಯಿಗೆ ನಾನ್ ನೆನ್ನೆ ಔಷ್ದಿ ಹೊಡ್ದಿದ್ದೆ. ಮನೆ ಸಾಲ್ಗೂ. ಮೂರ್ ಮುಚ್ಳ ಹಾಕಿದ್ದೆ. ಹೇಳಿರ್ಲಿಲ್ಲ."

ಅವ್ವ ಅಕ್ಕನ ಹಣೆಯಿಂದ ಕೈ ತೆಗೆದು ತನ್ನ ಅಂಗೈಯನ್ನೇ ನೋಡಿಕೊಂಡಳು, ಅದರಲ್ಲಿ ಏನೋ ಅಂಟಿದೆ ಅನ್ನುವ ಹಾಗೆ. ಆಮೇಲೆ ಅಲ್ಲೇ ಕುಸಿದು ಕೂತಳು.

ಅಮರ ಶಿವಗಂಗಮ್ಮನ ಕೈ ತನ್ನ ಕೆನ್ನೆಗೆ ಬೀಳುತ್ತದೆ ಅಂತ ಕಾದ. ಬೀಳಲಿಲ್ಲ. ಅವರು ಎದ್ದು ಸೆರಗು ಸಿಕ್ಕಿಸಿಕೊಂಡರು.

"ಬಾಟ್ಲಿ ಎಲ್ಲೈತೆ?"

"ಪಂಪ್‌ಸೆಟ್ ಮನೇಲಿ."

"ತತ್ತಾ ಓಗು. ಚೀಟಿ ಕಿತ್ತೋಗಿರ್ಬಾರ್ದು. ನನ್ ಮೈದ ಆಲೂಗಡ್ಡೆಗೆ ಹೊಡ್ದು ಬಿದ್ದಾಗ ಡಾಕ್ಟ್ರು ಬಾಟ್ಲಿ ಬಾಟ್ಲಿ ಅಂತ ಬಡ್ಕಂಡ್ರು, ಯಾರೂ ತಂದಿರ್ಲಿಲ್ಲ. ಪುಟ್ಟತಾಯಕ್ಕ, ಏಳು. ಅಳದ್ ಆಮ್ಯಾಕೆ. ಗಾಡಿ ಯಾರ್ದೈತೆ ಈ ಊರಲ್ಲಿ?"

ಗಾಡಿ ಇದ್ದದ್ದು ಎದುರು ಮನೆಯ ಮಂಚಯ್ಯನದು, ಹಳೆಯ ಓಮ್ನಿ. ಅಮರ ಹೊಲಕ್ಕೆ ಓಡಿ ಬಾಟಲಿ ತರುವಷ್ಟರಲ್ಲಿ ಶಿವಗಂಗಮ್ಮ ಸೊಸೆಯನ್ನು ಹಿಂದಿನ ಸೀಟಿನಲ್ಲಿ ಎಡ ಮಗ್ಗುಲಿಗೆ ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅವ್ವ ಕಾಲ ಹತ್ತಿರ ಮುದುರಿ ಕೂತಿದ್ದಳು. ಮಂಚಯ್ಯ ಏನೂ ಕೇಳದೆ ಗೇರು ಹಾಕಿದ.

ಹಾಸನ ಅಷ್ಟೇನೂ ದೂರವಿಲ್ಲ. ಬೆಳಗ್ಗೆ ಅದೇ ರಸ್ತೆಯಲ್ಲಿ ಅಮರ ಶಿಳ್ಳೆ ಹಾಕಿಕೊಂಡು ಬಂದಿದ್ದ. ಈಗ ರಸ್ತೆಯ ಒಂದೊಂದು ಉಬ್ಬಿಗೂ ಹಿಂದಿನಿಂದ ಅಕ್ಕ ನರಳುವುದು ಕೇಳುತ್ತಿತ್ತು. ಅವನು ತಿರುಗಿ ನೋಡಲಿಲ್ಲ. ತೊಡೆಗಳ ನಡುವೆ ಬಾಟಲಿ ಹಿಡಿದು ಕೂತಿದ್ದ, ಅದರ ಮೇಲಿನ ವಿಷದ ಕೆಂಪು ಗುರುತನ್ನೇ ನೋಡುತ್ತ. ರೈಲ್ವೆ ಗೇಟು ಹಾಕಿತ್ತು. ಮಂಚಯ್ಯ ಹಾರ್ನ್ ಮೇಲೆ ಕೈ ಒತ್ತಿದ. ಗೇಟಿನವನು ತಿರುಗಿಯೂ ನೋಡಲಿಲ್ಲ. ಗೂಡ್ಸ್ ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಹಾಗೇ ಇರಲಿಲ್ಲ.

"ಅತ್ತೆ, ಆಡ್ತಾ ಇಲ್ಲ," ಅಕ್ಕ ಅಂದಳು. "ಬೆಳಗ್ಗಿಂದ ಒದೀತಿತ್ತು. ಈಗ ಆಡ್ತಾ ಇಲ್ಲ."

"ಮಲ್ಗಿರ್ತದೆ," ಶಿವಗಂಗಮ್ಮ ಅಂದರು. "ನೀನು ಉಗೀತಿರು, ನುಂಗ್ಬ್ಯಾಡ. ಅದ್ ಮಲ್ಗಿರ್ತದೆ."

ಅವರ ದನಿ ನಡುಗುವುದನ್ನು ಅಮರ ಮೊದಲ ಸಲ ಕೇಳಿದ.

ಆಸ್ಪತ್ರೆಯಲ್ಲಿ ಅಕ್ಕನನ್ನು ಸ್ಟ್ರೆಚರಿನ ಮೇಲೆ ಒಳಗೆ ಒಯ್ದರು. ಇನ್ನೂ ಮೂವತ್ತೂ ತುಂಬಿರದ ಡಾಕ್ಟರಮ್ಮ ಬಾಟಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಗಂಟಾಯಿತು.

"ಒಂದು ಟ್ಯಾಂಕಿಗೆ ಎಷ್ಟು ಹಾಕಿದ್ದೆ?"

ಎರಡು ಅಂದುಬಿಡು ಅಂತ ನಾಲಿಗೆ ತುದಿಗೆ ಬಂತು. ಎರಡು ಅಂದರೆ ಅಂಗಡಿಯವನ ಲೆಕ್ಕ, ಮೂರಕ್ಕೆ ಏರಿಸಿದ ಕೈ ತನ್ನದು. ಪಕ್ಕದಲ್ಲಿ ಶಿವಗಂಗಮ್ಮ ನಿಂತಿದ್ದರು.

"ಮೂರ್ ಮುಚ್ಳ ಮೇಡಂ. ಮನೆ ಸಾಲಿಗೆ ಬಿದ್ದಿದ್ದು ತಳದ್ದು, ಗಟ್ಟಿ ಇತ್ತು."

"ತಿಂದು ಎಷ್ಟೊತ್ತಾಯ್ತು?"

"ಒಂದ್ ಗಂಟೆ ಮೇಲಾಯ್ತವ್ವ," ಅವ್ವ ಅಂದಳು. "ತೊಳ್ದಿದ್ದೆ ಕಣವ್ವ. ಉಪ್ನೀರಲ್ಲಿ ಹಾಕಿದ್ದೆ."

"ತೊಳೆದ್ರೆ ಎಲ್ಲ ಹೋಗಲ್ಲಮ್ಮ," ಅಂದು ಡಾಕ್ಟರಮ್ಮ ಒಳಗೆ ಹೋದರು. ಬಾಗಿಲಿನ ಹತ್ತಿರ ತಿರುಗಿ ನಿಂತರು. "ಬಾಟಲಿ ತಂದಿದ್ದು ಒಳ್ಳೇದಾಯ್ತು. ಮಾರೋ ಕಾಯಿಗೆ ಯಾವತ್ತು ಹೊಡೆದಿದ್ದೆ?"

"ನೆನ್ನೇನೆ."

"ಅವೆಲ್ಲಿ?"

ಅಮರ ಜೇಬಿನಲ್ಲಿ ಫೋನು ತಡಕಿದ. ಡಾಕ್ಟರಮ್ಮ ಕಾಯಲಿಲ್ಲ, ಬಾಗಿಲು ಮುಚ್ಚಿಕೊಂಡಿತು.

ಹೊರಗೆ ಹೋಗಿ ಮಂಡಿಯವನಿಗೆ ಫೋನ್ ಮಾಡಿದ. ಮಂಡಿಯವನು ಏನನ್ನೋ ಅಗಿಯುತ್ತಲೇ ಮಾತಾಡಿದ. "ನಿನ್ ಮಾಲಾ? ಏಳ್ ಗಂಟೆಗೇ ಓಯ್ತು ಕಣ. ಒಂದಷ್ಟ್ ಅರಕಲಗೂಡ್ ಗಾಡೀಗೆ, ಮಿಕ್ಕಿದ್ದು ಹೊಳೆನರಸೀಪುರದೋರು ಹಾಕ್ಕಂಡೋದ್ರು. ಯಾಕ್ಲಾ?"

"ತಿರ್ಗ ತರ್ಸಕ್ಕಾಗ್ತದಾ ಅಣ್ಣ? ಔಷ್ದಿ ಜಾಸ್ತಿ ಬಿದ್ಬುಟ್ಟದೆ."

ಆ ಕಡೆ ನಗು ಕೇಳಿಸಿತು. "ಯಾರ್ ಮಾಲ್ಗೆ ಬಿದ್ದಿಲ್ಲ ಹೇಳು. ಇಷ್ಟೊತ್ಗೆ ಸಾರಾಗಿರ್ತದೆ. ಸುಮ್ನಿರು."

ಅಮರ ಫೋನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತ. ಅವನಿಗೆ ಆ ಮನೆಗಳು ಯಾವುವು ಗೊತ್ತಿಲ್ಲ. ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಯಾವಳೋ ಒಬ್ಬಳು ಕಾಯಿ ಸೀಳಿ ಉಪ್ಪುನೀರಿಗೆ ಹಾಕಿರುತ್ತಾಳೆ. ಅವಳ ಮನೆಗೆ ಬೇರೆ ಸಾಲು ಇಲ್ಲ. ಅಲ್ಲಿ ಯಾರಾದರೂ ಉಗಿಯುತ್ತಾ ಕೂತರೆ ಬಸುರಿಗೆ ಹೀಗೇ, ವಯಸ್ಸಾದವರಿಗೆ ಹೀಗೇ, ಬಿಸಿಲಿಗೆ ಹೀಗೇ ಅನ್ನುತ್ತಾರೆ. ಬಾಟಲಿ ಹಿಡಿದು ಓಡಿ ಬರುವವರು ಯಾರೂ ಇರುವುದಿಲ್ಲ.

ಮೂರು ಗಂಟೆಗೆ ಒಳಗೆ ಬಿಟ್ಟರು. ಅಕ್ಕನ ತುಟಿ ಒಣಗಿತ್ತು, ಕೆನ್ನೆ ಕೆಂಪಗಾಗಿತ್ತು. ಇಂಜೆಕ್ಷನ್ನಿಗೆ ಹಾಗಾಗುತ್ತದೆ, ಜೊಲ್ಲು ನಿಂತಿದೆ, ತಾಯಿಯ ಬಗ್ಗೆ ಹೆದರಬೇಕಾದ್ದಿಲ್ಲ ಅಂತ ನರ್ಸ್ ಹೇಳಿದಳು. ಮಗುವಿನ ವಿಷಯ ಕೇಳಿದರೆ ನಾಳೆ ಬೆಳಗ್ಗೆಯವರೆಗೆ ಏನೂ ಹೇಳುವುದಿಲ್ಲ, ಗಂಟೆಗೊಂದು ಸಲ ಎದೆಬಡಿತ ನೋಡುತ್ತೇವೆ ಅಂದಳು.

"ಎಷ್ಟೊತ್ತು ಸುಮ್ನಿದ್ದೆ?" ರೂಪಶ್ರೀ ಕೇಳಿದಳು.

"ಬೈಕ್ ನಿಲ್ಸಿ ಬಂದು ನೋಡ್ದಾಗ್ಲಿಂದ. ಕಾಲ್ ಗಂಟೆ."

"ನಮ್ಮತ್ತೇಗ್ ಹೆದ್ರಿ?"

ಅವನು ಹೌದು ಅಂತ ತಲೆ ಆಡಿಸಿದ. ಶಿವಗಂಗಮ್ಮ ಮಂಚದ ಆ ಕಡೆಯೇ ಕೂತಿದ್ದರು.

ಅಕ್ಕ ತುಂಬ ಹೊತ್ತು ಮೇಲಿನ ಫ್ಯಾನು ನೋಡಿದಳು. "ಮೊದ್ಲ್ ಕಾಯಿ ಬಾಯ್ಗಿಟ್ಟಾಗ್ಲೇ ಒಂಥರಾ ಘಾಟು ವಾಸ್ನೆ ಬಂತು. ನಾಲ್ಗೆ ಜುಂ ಅಂತು. ಬ್ಯಾಡ ಅಂದ್ರೆ ಅವ್ವುಂಗೆ ಬೇಜಾರು, ಹೊರಗ್ ಅತ್ತೆ ಕೂತವ್ರೆ, ತವ್ರುಮನೆ ಅಡ್ಗೇನೂ ಸೇರಲ್ಲ ಅಂತಾರೆ ಅನ್ಕಂಡು ನಾಕೂ ತಿಂದೆ."

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಶಿವಗಂಗಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು, ಮೂವರದ್ದೂ. ಅವರ ಮುಖ ಒಮ್ಮೆಲೇ ತುಂಬಾ ಮುದುಕಿಯದಾಯಿತು.

ನರ್ಸ್ ಸಣ್ಣ ಮೆಷೀನು ಹಿಡಿದು ಬಂದಳು. ಅಕ್ಕನ ಹೊಟ್ಟೆಗೆ ಜೆಲ್ಲು ಹಚ್ಚಿ, ಅದರ ಗುಂಡು ತುದಿಯನ್ನು ಅದುಮಿದಳು. ಕರಕರ ಸದ್ದು. ಇನ್ನೊಂದು ಕಡೆ ಅದುಮಿದಳು. ಅಲ್ಲೂ ಕರಕರ. ಎಡಕ್ಕೆ ಜರುಗಿಸಿದಳು, ಕೆಳಕ್ಕೆ ಜರುಗಿಸಿದಳು. ಅಕ್ಕನ ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯುತ್ತಿತ್ತು. ನರ್ಸ್ ಉಸಿರು ಬಿಗಿಹಿಡಿದಿದ್ದಾಳೆ ಅಂತ ಅಮರನಿಗೆ ಗೊತ್ತಾಯಿತು, ಯಾಕೆಂದರೆ ಅವಳ ಕೊರಳ ಸರ ಅಲುಗುತ್ತಿರಲಿಲ್ಲ. ಅವನು ಬಾಗಿಲಿನ ಕಡೆಗೆ ಒಂದು ಹೆಜ್ಜೆ ಇಟ್ಟ.

ಶಿವಗಂಗಮ್ಮ ಮಂಚದ ಮೇಲಿಂದಲೇ ಕೈ ಚಾಚಿ ಅವನ ಮುಂಗೈ ಹಿಡಿದರು. ಉಗುರು ನಾಟುವ ಹಾಗೆ.

"ಎಲ್ಗೂ ಓಗಂಗಿಲ್ಲ. ಇಲ್ಲೇ ನಿಂತ್ಕಂಡ್ ಕೇಳು."

ಮೆಷೀನಿನೊಳಗೆ ಎಲ್ಲೋ ದೂರದಲ್ಲಿ ಟಕಟಕ ಅಂದಿತು, ನಿಂತಿತು, ಮತ್ತೆ ಹತ್ತಿರಕ್ಕೆ ಬಂತು. ಬೇಗ ಬೇಗ, ಯಾರೋ ಸಣ್ಣ ಕಾಲಿನಲ್ಲಿ ಓಡಿದ ಹಾಗೆ. ನರ್ಸ್ ಉಸಿರು ಬಿಟ್ಟು ಗಡಿಯಾರ ನೋಡುತ್ತಾ ಎಣಿಸಿ ಚೀಟಿಯಲ್ಲಿ ಬರೆದಳು. ಇದೆ, ಇರಬೇಕಾದ್ದಕ್ಕಿಂತ ಸ್ವಲ್ಪ ನಿಧಾನ ಇದೆ, ಮುಂದಿನ ಸಲ ನೋಡೋಣ ಅಂದಳು.

ಮುಂದಿನ ಸಲ ನಾಲ್ಕು ಗಂಟೆಗೆ. ಆಮೇಲೆ ಐದಕ್ಕೆ. ಬೆಳಗ್ಗೆಯವರೆಗೂ ಹಾಗೇ. ಶಿವಗಂಗಮ್ಮ ಅವನ ಕೈ ಬಿಟ್ಟಿರಲಿಲ್ಲ.